ಮೂರು ಕಾಟಿನ ಹಕ್ಕು

ಮನೆಯ ದೇವರು, ಅತ್ತೆ, ಮಗ, ಅಡುಗೆಮನೆ, ಇವುಗಳ ಬಗ್ಗೆ ಒಬ್ಬ ಗೃಹಿಣಿ ಬರೆದು ತಾನೇ ಅಚ್ಚು ಹಾಕಿಸಿದ ಪುಸ್ತಕ ನೂರು ಪ್ರತಿ ದಾಟುವುದಿಲ್ಲ ಎಂದು ನನ್ನ ಮುಖಕ್ಕೇ ಹೇಳಿದವರು ಹತ್ತು ಮಂದಿಗೆ ಕಡಿಮೆಯಿಲ್ಲ. ಅವರಲ್ಲಿ ಇಬ್ಬರು ಪ್ರಕಾಶಕರು, ಒಬ್ಬರು ನನ್ನ ಸೋದರಮಾವ. 2022ರ ಡಿಸೆಂಬರಿನಲ್ಲಿ ಮುನ್ನೂರು ಪ್ರತಿಗಳಿಂದ ಆರಂಭವಾದ ನನ್ನ ಆ ಪುಸ್ತಕ ಈಗ ಐದನೆಯ ಮುದ್ರಣವನ್ನು ಮುಗಿಸುತ್ತಿದೆ. ದೊಡ್ಡಕ್ಷರದ ಆವೃತ್ತಿಯನ್ನೂ ಸೇರಿಸಿದರೆ ಎರಡೂವರೆ ಸಾವಿರದ ಹತ್ತಿರ ಪ್ರತಿಗಳು ಮನೆಗಳನ್ನು ಸೇರಿವೆ. ಇದನ್ನು ಹೇಗೆ ಮಾಡಿದಿರಿ ಎಂದು ಸ್ವಂತ ಪ್ರಕಟಣೆಯ ಗೆಳತಿಯರು ಒಂದು ವರ್ಷದಿಂದ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ. ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಣೆ), ಫಾರ್ಮು (ಹದಿನಾರು ಪುಟಗಳ ಅಚ್ಚಿನ ಹಾಳೆ), ಕರಡು ತಿದ್ದುವುದು ಇವೆಲ್ಲ ನಿಮಗೆ ಗೊತ್ತಿವೆ ಎಂದೇ ತಿಳಿದಿದ್ದೇನೆ. ಅಂಕಿಗಳು ನೆನಪಿನಿಂದ ಬರೆದವು, ಸ್ವಲ್ಪ ಆಚೀಚೆ ಇರಬಹುದು.

ಮೊದಲು ಸೋತದ್ದನ್ನು ಹೇಳಬೇಕು, ಏಕೆಂದರೆ ಹಣ ಹೋದದ್ದು ಅಲ್ಲಿ. 2014ರಲ್ಲಿ ನನ್ನ ಮೊದಲ ಪುಸ್ತಕಕ್ಕೆ ಸಾವಿರ ಪ್ರತಿ ಹಾಕಿಸಿದೆ. ಹತ್ತು ಫಾರ್ಮು, 1/8 ಡೆಮಿ ಅಳತೆ, 70 ಜಿಎಸ್‌ಎಂ ತೂಕದ ಮ್ಯಾಪ್‌ಲಿಥೋ ಕಾಗದ, ಮುಖಪುಟಕ್ಕೆ ಲ್ಯಾಮಿನೇಷನ್, ಎಲ್ಲ ಸೇರಿ ಸುಮಾರು 62,000 ರೂಪಾಯಿ ಆಯಿತು. ಆ ಹಣಕ್ಕಾಗಿ ತವರಿನವರು ಹಾಕಿದ್ದ ಎರಡು ಬಂಗಾರದ ಪಾಟ್ಲಿ ಬಳೆಗಳನ್ನು ಒತ್ತೆ ಇಟ್ಟೆ. ಅವನ್ನು ಒಂದೂವರೆ ವರ್ಷದಲ್ಲಿ ಬಿಡಿಸಿಕೊಂಡು ಬಂದವರು ನಮ್ಮ ಮನೆಯವರು. ಅವರು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಸಾವಿರ ಪ್ರತಿಯೇ ಏಕೆ ಎಂದರೆ, ಮುನ್ನೂರಕ್ಕೂ ಸಾವಿರಕ್ಕೂ ಖರ್ಚಿನಲ್ಲಿ ಬಹಳ ಅಂತರವಿಲ್ಲ ಎಂದು ಮುದ್ರಕರು ಹೇಳಿದ್ದರು. ಆ ಮಾತು ಸುಳ್ಳಲ್ಲ, ಆದರೆ ಮಾರದೆ ಉಳಿದ ಪ್ರತಿಗಳಿಗೆ ಮನೆಯಲ್ಲಿ ಜಾಗ ಎಲ್ಲಿದೆ ಎಂಬ ಲೆಕ್ಕ ಅದರಲ್ಲಿಲ್ಲ. ಎರಡು ವರ್ಷಗಳಲ್ಲಿ ಹೋದದ್ದು 180 ಪ್ರತಿ. ಅದರಲ್ಲಿ ಅರ್ಧ ಬಿಡುಗಡೆಯ ದಿನ ಬಂಧುಗಳು ದಾಕ್ಷಿಣ್ಯಕ್ಕೆ ಕೊಂಡವು. 2017ರಲ್ಲಿ ದೂರದ ಊರಿನ ಒಬ್ಬ ವಿತರಕರು ಶೇಕಡಾ 40 ರಿಯಾಯಿತಿಯ ಮೇಲೆ 300 ಪ್ರತಿ ಒಯ್ದರು. ಎರಡು ವರ್ಷಗಳಾದ ಮೇಲೆ ಅರವತ್ತು ಪ್ರತಿಗಳ ಹಣ ಕೊಟ್ಟು, ಉಳಿದವನ್ನು ಮೂಲೆ ಮುರಿದ ಸ್ಥಿತಿಯಲ್ಲಿ ಲಾರಿಗೆ ಹಾಕಿದರು, ಬಾಡಿಗೆಯನ್ನು ನಾನೇ ಕೊಟ್ಟು ಇಳಿಸಿಕೊಂಡೆ. ಆ ಕಟ್ಟುಗಳನ್ನು ಅಟ್ಟಕ್ಕೆ ಏರಿಸಿದ ಕೆಲವೇ ವಾರಗಳಿಗೆ 2019ರ ಆಗಸ್ಟಿನ ಮಳೆ ಬಂತು. ವರದಾ ನದಿಯ ದಂಡೆಯವರು ಮನೆಗಳನ್ನೇ ಕಳೆದುಕೊಂಡ ಮಳೆ ಅದು. ನಮ್ಮಲ್ಲಿ ಹೆಂಚು ಸೋರಿ ಹೋದದ್ದು ಪುಸ್ತಕಗಳು ಮಾತ್ರ. ನೆನೆದ ಕಾಗದಕ್ಕೆ ಗೆದ್ದಲು ಹತ್ತಿತು, ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ಕೈಗೆ ಬಂದದ್ದು ನೂರಿಪ್ಪತ್ತು ಪ್ರತಿ.

ಆ ಪುಸ್ತಕ ಏಕೆ ಹೋಗಲಿಲ್ಲ ಎಂಬುದಕ್ಕೆ ಆರು ವರ್ಷ ನಾನು ವಿತರಣೆಯನ್ನೇ ದೂರುತ್ತಿದ್ದೆ. ನಿಜವಾದ ಕಾರಣವನ್ನು ಹೇಳಿದವರು ಅತ್ತೆಯವರು. 2020ರ ಮಾರ್ಚಿನ ಕೊನೆಗೆ ಎಲ್ಲವೂ ಮುಚ್ಚಿತು, ಪೇಟೆಯೂ ನಿಂತಿತು, ಅತ್ತೆಯವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯೂ ಮುಂದಕ್ಕೆ ಹೋಯಿತು. ಪುರಾಣಕ್ಕೆ ಹೋಗಿ ಕೇಳುವ ರೂಢಿಯಿದ್ದ ಅವರಿಗೆ ಸಂಜೆಗಳು ಕಳೆಯದಾದವು. ನೀನು ಬರೆದದ್ದನ್ನಾದರೂ ಓದು ಎಂದು ಅವರೇ ಕೇಳಿದ್ದರಿಂದ ಮೊದಲ ಪುಸ್ತಕವನ್ನು ತೆಗೆದು ಓದತೊಡಗಿದೆ. ಮೂರನೆಯ ಪುಟದಲ್ಲಿ ಅವರು ಕೈಯೆತ್ತಿ ನಿಲ್ಲಿಸಿದರು. “ಇದು ಸ್ವಾಮಿಗೋಳ ಮಾತಾತವ್ವಾ, ನಿನ್ನ ಮಾತು ಎಲ್ಲೈತಿ?” ಎಂದರು. ಪುಟಕ್ಕೆ ಎರಡರಂತೆ ವಚನಗಳನ್ನು ಇಟ್ಟು, ನಡುವೆ ನಾನು ಓದಿದ ಪ್ರವಚನಗಳ ಧಾಟಿಯಲ್ಲಿ ವಿವರಣೆ ಬರೆದಿದ್ದೆ. ನಂಬಿಕೆಯ ಬಗ್ಗೆ ಬರೆದಿದ್ದೆನೇ ಹೊರತು ನಮ್ಮ ಮನೆಯಲ್ಲಿ ನಂಬಿಕೆ ಏನು ಮಾಡುತ್ತದೆ ಎಂಬುದರ ಒಂದು ಸಾಲೂ ಅದರಲ್ಲಿ ಇರಲಿಲ್ಲ.

ಆ ದಿನ ರಾತ್ರಿ ಬರೆದ ಒಂದೂವರೆ ಪುಟವೇ ಈಗಿನ ಪುಸ್ತಕದ ಮೊದಲ ಅಧ್ಯಾಯ. ಅತ್ತೆಯವರ ಕಣ್ಣು ಮಂಜಾದ ಮೇಲೆ ಅವರು ಬೆಳಿಗ್ಗೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯ ಬೆರಳುಗಳಿಂದ ತಟ್ಟೆಯಲ್ಲಿ ಪತ್ರೆಯನ್ನು ತಡಕಾಡಿ, ಮೂರೆಸಳು ಪೂರ್ತಿ ಇವೆಯೇ ಎಂದು ಹೆಬ್ಬೆರಳಿನಿಂದ ಎಣಿಸಿ, ಒಂದೆಸಳು ಹರಿದಿದ್ದರೆ ಪಕ್ಕಕ್ಕಿಟ್ಟು ಇನ್ನೊಂದನ್ನು ತೆಗೆದುಕೊಳ್ಳುವುದನ್ನು ನಾನು ದಿನಾಲೂ ನೋಡುತ್ತಿದ್ದೆ, ಆದರೆ ಅದು ಬರೆಯುವ ವಿಷಯ ಎಂದು ನನಗೆ ಹೊಳೆದಿರಲಿಲ್ಲ. ಅದಷ್ಟನ್ನೇ ಬರೆದೆ, ವಚನ ಹಾಕಲಿಲ್ಲ, ಅರ್ಥ ಹೇಳಲಿಲ್ಲ. ಮರುದಿನ ಓದಿದಾಗ ಅವರು ಕೊನೆಯವರೆಗೂ ಕೇಳಿದರು.

ಬರೆಯುವ ಹೊತ್ತಿಗೆ ನಾನು ಇಟ್ಟುಕೊಂಡ ಕ್ರಮ ಸರಳವಾದುದು. ಬೆಳಗಿನ ಐದಕ್ಕೆ ಪೂಜೆ ಮುಗಿಸಿ, ದೀಪಕ್ಕೆ ಎರಡು ಚಮಚ ಕುಸುಬೆ ಎಣ್ಣೆ ಹಾಕಿ, ಅದರ ಮುಂದೆಯೇ ಕೂತು ದೀಪ ತಾನಾಗಿ ಆರುವವರೆಗೆ ಬರೆಯುತ್ತೇನೆ. ಗಂಟೆಯ ಮೇಲೆ ಸ್ವಲ್ಪ ಹೊತ್ತು ಸಿಗುತ್ತದೆ. ದೀಪ ಉರಿಯುವಾಗ ಫೋನು ಮುಟ್ಟುವುದಿಲ್ಲ, ಬರೆದದ್ದನ್ನು ಓದುವುದಿಲ್ಲ, ಒಲೆ ಹಚ್ಚುವುದಿಲ್ಲ. ದೇವರ ದೀಪವನ್ನು ಗಡಿಯಾರ ಮಾಡಿಕೊಂಡದ್ದು ತಪ್ಪಲ್ಲವೇ ಎಂದು ಒಬ್ಬ ಗೆಳತಿ ಕೇಳಿದಳು. ನನಗೆ ಹಾಗೆ ಅನಿಸುವುದಿಲ್ಲ. ಪೂಜೆಯಿಂದ ಎದ್ದ ಮೇಲೆ ಬರವಣಿಗೆ ಎಂದು ಬೇರೆ ಮಾಡಿದ್ದ ಕಾಲದಲ್ಲಿ ನನಗೆ ಎರಡೂ ಕೈಗೂಡುತ್ತಿರಲಿಲ್ಲ. ನಡುವೆ ಶೇಂಗಾ ಎಣ್ಣೆ, ಎಳ್ಳೆಣ್ಣೆ, ದಪ್ಪ ಬತ್ತಿ, ಸಣ್ಣ ಬತ್ತಿ ಎಂದು ಒಂದು ತಿಂಗಳು ಪ್ರಯೋಗ ಮಾಡಿ, ಬತ್ತಿಯ ದಪ್ಪವೇ ಹೆಚ್ಚು ವ್ಯತ್ಯಾಸ ಮಾಡುತ್ತದೆ ಎಂದು ಕಂಡುಕೊಂಡೆ. ಕಷ್ಟದ ಅಧ್ಯಾಯಗಳಿಗೆ ಸಣ್ಣ ಬತ್ತಿ ಒಳ್ಳೆಯದು, ಹೊತ್ತು ಹೆಚ್ಚು ಸಿಗುತ್ತದೆ. ಹಾಳೆಗಳಿಗೆ ಖರ್ಚಿಲ್ಲ. ಅಂಗಡಿಯಲ್ಲಿ ವರ್ಷ ಮುಗಿದ ಖಾತೆ ಪುಸ್ತಕಗಳ ಹಿಂದಿನ ಖಾಲಿ ಪುಟಗಳನ್ನು ಮನೆಯವರು ತಂದುಕೊಡುತ್ತಾರೆ, ಉದ್ದ ಗೆರೆಗಳ ಆ ಕಾಗದದಲ್ಲಿ ಬರೆಯುವಾಗ ವಾಕ್ಯ ಅವಸರಪಡುವುದಿಲ್ಲ.

ಓದುವ ದಿನ ಸೋಮವಾರ. ಸೋಮವಾರ ಮತ್ತು ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆಯ ದಿನಗಳಾದ್ದರಿಂದ ಸುಗ್ಗಿಯಲ್ಲಿ ಮನೆಯವರು ಬರುವುದು ರಾತ್ರಿ ಹತ್ತಕ್ಕೆ, ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ವಾರದಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದುತ್ತೇನೆ, ಪೆನ್ಸಿಲ್ಲು ಕೈಯಲ್ಲಿರುತ್ತದೆ. ಅತ್ತೆಯವರು ವಿಮರ್ಶೆ ಮಾಡುವುದಿಲ್ಲ. ಅವರು ಸೆರಗು ಸರಿಮಾಡಿಕೊಂಡರೆ ಅಲ್ಲಿ ಮಾತು ಸಡಿಲವಾಗಿದೆ ಎಂದು ಅರ್ಥ, ತೂಕಡಿಸಿದರೆ ಆ ಪುಟ ಹೋಗಬೇಕು ಎಂದು ಅರ್ಥ, “ಹೌದು ಹೌದು” ಎಂದು ಬಾಯಿಬಿಟ್ಟು ಹೇಳಿದರೆ ನಾನು ಅವರನ್ನು ಮೆಚ್ಚಿಸಲು ಬರೆದಿದ್ದೇನೆ ಎಂದು ಅರ್ಥ, ಅದೂ ಹೋಗಬೇಕು. ಅವರು ಸುಮ್ಮನೆ ಕೂತು ಗೋಡೆಯ ಕಡೆ ಮುಖ ಮಾಡಿದ ಪುಟಗಳಷ್ಟೇ ಉಳಿದವು. ಹೀಗೆ ನಲವತ್ತೊಂದು ಅಧ್ಯಾಯಗಳು ಇಪ್ಪತ್ತಮೂರಕ್ಕೆ ಇಳಿದವು. ಎರಡೂವರೆ ವರ್ಷದಲ್ಲಿ ಬರೆದದ್ದರ ಅರ್ಧದ ಹತ್ತಿರ ಹೋಯಿತು ಎಂದು ಕೇಳಿದವರು ಹೌಹಾರುತ್ತಾರೆ, ಆದರೆ ಈ ಪರೀಕ್ಷೆಯಲ್ಲಿ ಉಳಿದ ಒಂದು ಪುಟವನ್ನೂ ಯಾವ ಓದುಗರೂ ಈವರೆಗೆ ಬೇಸರವಾಯಿತು ಎಂದು ಹೇಳಿಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಅಧ್ಯಾಯದ ಮೊದಲ ವಾಕ್ಯವನ್ನು ಹೇಗೆ ಆರಿಸುತ್ತೇನೆ ಎಂಬುದಕ್ಕೆ ನನ್ನದೇ ಒಂದು ದಾರಿ ಇದೆ, ಅದನ್ನು ಮುಂದಿನ ಪುಸ್ತಕ ಹೊರಬರುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇನ್ನು ಎಲ್ಲರೂ ಕೇಳುವ ವಿಷಯಕ್ಕೆ ಬರುತ್ತೇನೆ. ಮನೆಮಂದಿಯ ಬಗ್ಗೆ ಬರೆದೂ ಮನೆಯಲ್ಲಿ ಬಾಳುವುದು ಹೇಗೆ? ಹಸ್ತಪ್ರತಿ ಪೂರ್ಣವಾದ ಮೇಲೆ, ಅದರಲ್ಲಿ ಬರುವ ಪ್ರತಿಯೊಬ್ಬರಿಗೂ ಪೂರ್ತಿ ಓದಲು ಕೊಟ್ಟು, ಒಬ್ಬೊಬ್ಬರಿಗೆ ಮೂರು ಕಾಟು ಹಾಕುವ, ಎಂದರೆ ಬೇಡವಾದದ್ದನ್ನು ಗೆರೆ ಎಳೆದು ಹೊಡೆದುಹಾಕುವ ಹಕ್ಕು ಕೊಟ್ಟೆ. ಎಲ್ಲಿ ಬೇಕಾದರೂ ಹಾಕಬಹುದು, ಕಾರಣ ಹೇಳಬೇಕಾಗಿಲ್ಲ, ನಾನು ವಾದಿಸುವಂತಿಲ್ಲ, ಆ ಭಾಗವನ್ನು ಬೇರೆ ಮಾತಿನಲ್ಲಿ ಮತ್ತೆ ಒಳತರುವಂತಿಲ್ಲ. ನಾಲ್ಕನೆಯ ಕಾಟು ಇಲ್ಲ. ಇದನ್ನು ಕೇಳಿದ ಹಿರಿಯ ಲೇಖಕರೊಬ್ಬರು ಬರಹಗಾರ ಪೆನ್ನನ್ನು ಹೀಗೆ ಬಿಟ್ಟುಕೊಟ್ಟರೆ ಸಾಹಿತ್ಯವೇ ಉಳಿಯುವುದಿಲ್ಲ ಎಂದರು. ನಮ್ಮ ಮನೆಯ ಐದು ಜನರಿಗೆ ಸೇರಿ ಹದಿನೈದು ಕಾಟುಗಳಿದ್ದವು, ಬಳಕೆಯಾದದ್ದು ಆರು. ಮನೆಯವರು ಎರಡು ಹಾಕಿದರು, ಎರಡೂ ಅಂಗಡಿಯ ಹಣದ ವಿಷಯ. ಮೈದುನ ಎರಡು ಹಾಕಿದ, ಅವು ಮಾವನವರ ಕೊನೆಯ ದಿನಗಳ ಎರಡು ವಾಕ್ಯಗಳು, ಅವನು ಹಾಕಿದ್ದು ಸರಿಯಾಗಿಯೇ ಇತ್ತು. ಹಕ್ಕು ಕೈಯಲ್ಲಿದೆ ಎಂದು ತಿಳಿದ ಮೇಲೆ ಜನ ಅದನ್ನು ಎಷ್ಟು ಕಡಿಮೆ ಬಳಸುತ್ತಾರೆ ಎಂಬುದು ನನಗೂ ಆಶ್ಚರ್ಯವಾಗಿತ್ತು.

ಐದನೆಯ ಕಾಟು ನಾದಿನಿಯದು. ಅವಳು ಮದುವೆಯಾದ ಮೂರನೆಯ ವರ್ಷ ತವರಿಗೆ ಬಂದು ಎರಡು ವರ್ಷ ನಮ್ಮೊಂದಿಗೆ ಇದ್ದಳು. ಆ ಎರಡು ವರ್ಷಗಳಲ್ಲಿ ಅತ್ತೆಯವರೂ ಅವಳೂ ಒಂದೇ ಕೋಣೆಯಲ್ಲಿ ಪೂಜೆಗೆ ಕೂರುತ್ತಿದ್ದರು, ಒಂದು ಮಾತೂ ಇಲ್ಲದೆ. ಆ ಅಧ್ಯಾಯ ಹದಿನಾಲ್ಕು ಪುಟವಿತ್ತು, ನಾನು ಬರೆದುದರಲ್ಲೆಲ್ಲ ಅದೇ ಒಳ್ಳೆಯದು ಎಂದು ಇಂದಿಗೂ ನಂಬುತ್ತೇನೆ. ಅವಳು ಮೊದಲ ಪುಟದ ಮೇಲಿನಿಂದ ಕೊನೆಯ ಪುಟದ ಕೆಳಗಿನವರೆಗೆ ಒಂದೇ ಗೆರೆ ಎಳೆದು ಕಳಿಸಿದಳು. ಒಂದು ಕಾಟು ಎಷ್ಟು ಉದ್ದವಿರಬಹುದು ಎಂದು ನಾನು ನಿಯಮ ಮಾಡಿರಲಿಲ್ಲ. ಮೂರು ದಿನ ಊಟ ಸೇರಲಿಲ್ಲ. ಆಮೇಲೆ ಆ ಹದಿನಾಲ್ಕು ಪುಟಗಳನ್ನು ದಾರದಲ್ಲಿ ಕಟ್ಟಿ ಟ್ರಂಕಿನಲ್ಲಿ ಇಟ್ಟೆ, ಪುಸ್ತಕ ಅವಿಲ್ಲದೆಯೇ ಹೋಯಿತು. ನಡುವೆ ಒಂದು ಖಾಲಿ ಇದೆ ಎಂದು ಇಬ್ಬರು ಓದುಗರು ಗುರುತಿಸಿದ್ದಾರೆ, ಅದು ಇದೇ. ನಿಯಮವನ್ನು ನಾನು ಬದಲಾಯಿಸಿಲ್ಲ.

ಆರನೆಯದು ಮಗನದು. ಅವನು ಪುಣೆಯಲ್ಲಿ ಕೆಲಸಕ್ಕಿದ್ದಾನೆ. 2018ರಲ್ಲಿ ಅವನ ಕೋಣೆಗೆ ಹೋದಾಗ ಕಪಾಟಿನಲ್ಲಿ ಅಂಗಿಗಳ ಕೆಳಗೆ, ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಕರಡಿಗೆ ಇದ್ದುದನ್ನು ನೋಡಿ, ಅವನು ಲಿಂಗ ಧರಿಸುವುದನ್ನು ಬಿಟ್ಟಿದ್ದಾನೆ ಎಂದು ತಿಳಿಯಿತು. ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ; ಅಜ್ಜಿಗೆ ಗೊತ್ತಾಗಬಾರದು ಎಂಬುದು ಮಾತ್ರ ಇಬ್ಬರ ನಡುವೆ ಹೇಳದೆಯೇ ನಿಶ್ಚಯವಾಯಿತು. ಅದನ್ನು ಬರೆದೆ, ಆದರೆ ಸೋಮವಾರ ಓದಲು ಧೈರ್ಯವಾಗದೆ ಹದಿನಾಲ್ಕು ತಿಂಗಳು ಇಟ್ಟುಕೊಂಡೆ. ಮಗನಿಗೆ ಕಳಿಸಿದಾಗ ಅವನು ಒಂದೇ ವಾಕ್ಯಕ್ಕೆ ಕಾಟು ಹಾಕಿದ, ಅವನು ನಂಬಿಕೆ ಕಳೆದುಕೊಂಡ ಎಂದು ನಾನು ಬರೆದಿದ್ದ ವಾಕ್ಯಕ್ಕೆ. ಕಾರಣ ಹೇಳಬೇಕಾಗಿರಲಿಲ್ಲ, ಆದರೂ ಫೋನು ಮಾಡಿ, “ಕಳಕೊಂಡಿಲ್ಲವ್ವಾ, ತೆಗದು ಇಟ್ಟೀನಿ” ಎಂದ, ಅಜ್ಜಿಗೂ ಓದು ಎಂದ. ಮುಂದಿನ ಸೋಮವಾರ ಓದಿದೆ. ಅತ್ತೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ “ಎಲ್ಲಿಟ್ಟಾನ?” ಎಂದು ಕೇಳಿದರು. ಕಪಾಟಿನಲ್ಲಿ, ಕರಡಿಗೆಯೊಳಗೆ ಎಂದೆ. “ಕರಡಿಗ್ಯಾಗ ಇಟ್ಟಾನಲ್ಲ, ಬಿಸಾಕಿಲ್ಲಲ್ಲ. ಅಷ್ಟ ಬರಿ” ಎಂದರು. ಅತ್ತೆಯವರು ತಮ್ಮ ಮೂರು ಕಾಟುಗಳಲ್ಲಿ ಒಂದನ್ನೂ ಬಳಸಲಿಲ್ಲ, ಹೀಗೆ ಒಂದು ಮಾತನ್ನು ಸೇರಿಸಿದರು. ಓದುಗರಿಂದ ಬಂದ ಪತ್ರ, ಫೋನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಅಧ್ಯಾಯದ ಬಗ್ಗೆಯೇ. ತಮ್ಮ ಮಕ್ಕಳೂ ಹೀಗೇ ಎಂದು ಹೇಳಿಕೊಂಡು ಅತ್ತ ತಾಯಂದಿರಿದ್ದಾರೆ.

ಇದೇ ಅಧ್ಯಾಯದಿಂದ ಐವತ್ತು ಸಾವಿರ ರೂಪಾಯಿ ಕೈಬಿಟ್ಟಿತು. ಒಂದು ಮಠದವರು ಗ್ರಂಥ ದಾಸೋಹಿಗಳನ್ನು ಹುಡುಕಿ ಅಚ್ಚಿನ ಪೂರ್ತಿ ಖರ್ಚನ್ನು ಕೊಡಿಸಲು ಮುಂದೆ ಬಂದಿದ್ದರು. ಆಶೀರ್ವಚನ ಹಾಕಬೇಕು, ಮಗನ ಅಧ್ಯಾಯ ತೆಗೆಯಬೇಕು ಎಂಬುದು ಅವರ ಅಪೇಕ್ಷೆ. ಆಶೀರ್ವಚನಕ್ಕೆ ನನ್ನ ತಕರಾರಿರಲಿಲ್ಲ. ಎರಡನೆಯದಕ್ಕೆ ಒಪ್ಪಿದ್ದರೆ ಅತ್ತೆಯವರ ಆ ಮಾತೂ ಹೋಗುತ್ತಿತ್ತು. ವಿನಯದಿಂದ ಬೇಡವೆಂದೆ. ಆಗ ಸೋದರಮಾವ ಮನೆಗೆ ಬಂದು, ದಾಸೋಹವನ್ನು ಬೇಡವೆಂದು ದೇವರ ಮಾತನ್ನು ದುಡ್ಡಿಗೆ ಮಾರಲು ಹೊರಟಿದ್ದೀಯ ಎಂದು ಬೈದರು. ಈ ಮಾತಿಗೆ ನಾನು ತುಂಬ ಯೋಚಿಸಿದ್ದೇನೆ. ನಮ್ಮ ಧರ್ಮದಲ್ಲಿ ಕಾಯಕಕ್ಕೆ ಕೂಲಿ ಇದೆ, ಆ ಕೂಲಿಯಿಂದ ದಾಸೋಹ ಆಗಬೇಕು. ಕೂಲಿಯನ್ನೇ ಪಡೆಯದ ಕೆಲಸದಿಂದ ದಾಸೋಹ ಹೇಗೆ ನಡೆಯಬೇಕು? ಆದ್ದರಿಂದ ಪುಸ್ತಕಕ್ಕೆ ಬೆಲೆ ಇಟ್ಟೆ, ಹತ್ತು ಪ್ರತಿಗೆ ಒಂದರಂತೆ ಸರ್ಕಾರಿ ಶಾಲೆಗಳಿಗೂ ಹಳ್ಳಿಯ ಗ್ರಂಥಾಲಯಗಳಿಗೂ ಕೊಡುತ್ತ ಬಂದೆ. ಪುಕ್ಕಟೆ ಹಂಚಿದ ಪುಸ್ತಕಗಳು ಕವರು ಬಿಚ್ಚದೆ ದೇವರ ಜಗಲಿಯ ಮೇಲೆ ಕೂತಿರುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಹಣ ಕೊಟ್ಟು ತಂದದ್ದನ್ನು ಒಮ್ಮೆಯಾದರೂ ತೆರೆಯುತ್ತಾರೆ.

ಅಚ್ಚಿನ ಕೆಲಸ ಗದಗಿನಲ್ಲಿ. ಮುದ್ರಣ ಕಾಶಿ ಎಂದು ಕರೆಸಿಕೊಳ್ಳುವ ಊರು, ಬಸ್ಸಿಗೆ ಹೋಗಿ ಎದುರಿಗೆ ನಿಂತು ಮಾಡಿಸಬಹುದು. ಮೊದಲ ಮುನ್ನೂರಕ್ಕೆ ಪ್ರತಿಯೊಂದಕ್ಕೆ ಸುಮಾರು 90 ರೂಪಾಯಿ ಬಿತ್ತು, ಬೆಲೆ 150 ಇಟ್ಟೆ. ಐನೂರರ ಮುದ್ರಣಗಳಲ್ಲಿ ಅದು 62ರ ಆಸುಪಾಸಿಗೆ ಇಳಿಯಿತು, ಬೆಲೆಯನ್ನು 180 ಮಾಡಿದೆ. ಐನೂರರ ಮೇಲೆ ನಾನು ಹೋಗುವುದಿಲ್ಲ, ಅಟ್ಟದ ಪಾಠ ಮರೆತಿಲ್ಲ. ಡಿಟಿಪಿ ಹುಡುಗ ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿದ್ದನ್ನು ಯುನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತುಗಳು ಕದಲಿ, ‘ಅರ್ಪಿಸಿ’ ಎಂಬುದೆಲ್ಲ ‘ಅಪಿರ್ಸಿ’ ಆಗಿತ್ತು. ಪೂಜೆಯ ಪುಸ್ತಕದಲ್ಲಿ ಆ ಪದ ಎಷ್ಟು ಸಲ ಬರುತ್ತದೆ ಎಂದು ನೀವೇ ಊಹಿಸಿ. ಮುನ್ನೂರರಷ್ಟು ತಪ್ಪು ತಿದ್ದಿದೆ, ಆದರೂ ಮೊದಲ ಮುದ್ರಣದಲ್ಲಿ ಏಳು ಉಳಿದವು. ಅಲ್ಲಿಂದ ನಾನೇ ಟೈಪು ಕಲಿತೆ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಉಚಿತವಾಗಿಯೇ ಸಿಗುತ್ತದೆ, ಅದಕ್ಕೆ ಮಧ್ಯವರ್ತಿಗೆ ಹಣ ಕೊಡಬೇಡಿ. ಪ್ರಕಟವಾದ ಪುಸ್ತಕಗಳನ್ನು ಗ್ರಂಥಾಲಯಗಳಿಗೆ ಒಪ್ಪಿಸುವ 1954ರ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೂ ಸೇರಿ ನಾಲ್ಕು ಗ್ರಂಥಾಲಯಗಳಿಗೆ ಪ್ರತಿ ಕಳಿಸುವುದನ್ನು ಮರೆಯಬೇಡಿ.

ದೊಡ್ಡಕ್ಷರದ ಆವೃತ್ತಿ ಒಂದು ಪಕ್ಕದ ಪ್ರಯೋಗವಾಗಿಯೇ ಹುಟ್ಟಿತು. ಒಂದು ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅತ್ತೆಯವರು ತಾವೇ ಓದಬೇಕೆಂದು ಪುಸ್ತಕವನ್ನು ಕಿಟಕಿಯ ಹತ್ತಿರ ಒಯ್ದು ಪ್ರಯತ್ನಿಸಿ, ಅಕ್ಷರ ಸಣ್ಣದಾಯಿತು ಎಂದು ಕೆಳಗಿಟ್ಟರು. 14 ಪಾಯಿಂಟಿನಲ್ಲಿದ್ದುದನ್ನು 18ಕ್ಕೆ ಏರಿಸಿ, 240 ಪುಟದಲ್ಲಿ ನೂರು ಪ್ರತಿ ಹಾಕಿಸಿದೆ. ಒಂದಕ್ಕೆ 140 ರೂಪಾಯಿ ಬಿತ್ತು, ಬೆಲೆ 250. ಇದು ಹುಚ್ಚು ಎಂದರು. ನೂರೂ ಎರಡು ತಿಂಗಳಲ್ಲಿ ಹೋದವು, ಕೊಂಡವರು ಹೆಚ್ಚಾಗಿ ಮಕ್ಕಳು, ಓದುವವರು ಅವರ ತಂದೆ ತಾಯಿ. ಮತ್ತೆ ಇನ್ನೂರು ಹಾಕಿಸಿದೆ. ಅಧ್ಯಾಯಗಳನ್ನು ನಾನೇ ಓದಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಪ್ರಯೋಗವನ್ನೂ ಮಾಡಿದೆ. ಕೇಳಿದವರು ನೂರಾರು, ಪುಸ್ತಕ ಕೊಂಡವರು ನಾಲ್ಕು ಜನ. ಅದನ್ನು ನಿಲ್ಲಿಸಿದೆ. ಅತ್ತೆಯವರ ಮಾತನ್ನು ಫೋನಿಗೆ ಹೇಳಿಸಿ ಅಕ್ಷರ ಮಾಡಿಸಲು ಹೋದದ್ದೂ ವ್ಯರ್ಥವಾಯಿತು, ಅವರ ಆಡುಮಾತು ಯಂತ್ರಕ್ಕೆ ಹತ್ತಲಿಲ್ಲ.

ಮಾರಾಟದ ವಿಷಯ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ನಡೆದಾಗ, ಪರಿಚಯದವರೊಬ್ಬರ ಮಳಿಗೆಯಲ್ಲಿ ಅರ್ಧ ಮೇಜು ಪಡೆದು ಮೂರು ದಿನ ಕೂತೆ. 45 ಪ್ರತಿ ಹೋದವು. ಅದಕ್ಕಿಂತ ದೊಡ್ಡ ಲಾಭವೆಂದರೆ, ಕೊಂಡ ಒಬ್ಬ ತಾಯಿ ಸಂಕ್ರಾಂತಿ ಕಳೆದ ಮೇಲೆ ಫೋನು ಮಾಡಿ, ತಮ್ಮ ಓಣಿಯ ಹೆಂಗಸರಿಗೆ ಓದಿ ಹೇಳಲು ಬರುತ್ತೀರಾ ಎಂದು ಕೇಳಿದ್ದು. ಹೋದೆ. ಅಲ್ಲಿಂದ ದಾರಿ ತೆರೆಯಿತು. ನಮ್ಮ ಕಡೆ ಶ್ರಾವಣದಲ್ಲಿ ತಿಂಗಳಿಡೀ ಪುರಾಣ ನಡೆದು ಕೊನೆಗೆ ಮಂಗಲವಾಗುವುದು ನಿಮಗೆ ಗೊತ್ತು. ಅದೇ ತಿಂಗಳಲ್ಲಿ ಮನೆಗಳಲ್ಲಿ, ಮಧ್ಯಾಹ್ನ ಮೂರರ ಹೊತ್ತಿಗೆ, ಹತ್ತು ಹದಿನೈದು ಹೆಂಗಸರ ಎದುರು ಇಪ್ಪತ್ತು ನಿಮಿಷ ಮಾತ್ರ ಓದುವುದನ್ನು ಆರಂಭಿಸಿದೆ. ಓದಿನ ಜಾಗಕ್ಕೆ ಮಾರುವ ಪುಸ್ತಕಗಳನ್ನು ಒಯ್ಯುವುದಿಲ್ಲ, ಇದು ನನ್ನ ಕಟ್ಟುನಿಟ್ಟಿನ ನಿಯಮ. ದೀಪ ಹಚ್ಚಿದ ಕಡೆ ಚೀಲ ಬಿಚ್ಚಿದರೆ ಕೇಳಿದ್ದೆಲ್ಲ ಮಾರುವುದಕ್ಕೇ ಎಂದು ಅವರ ಮನಸ್ಸಿಗೆ ಬರುತ್ತದೆ. ಬೇಕಾದವರು ಮನೆಯೊಡತಿಯ ಹತ್ತಿರ ಹೆಸರು ಬರೆಸುತ್ತಾರೆ, ಹಣವನ್ನೂ ಅವರಿಗೇ ಕೊಡುತ್ತಾರೆ, ಮಂಗಲದ ವಾರದಲ್ಲಿ ಎಣಿಸಿದಷ್ಟೇ ಪ್ರತಿಗಳನ್ನು ಮುಟ್ಟಿಸುತ್ತೇನೆ. 2023ರಲ್ಲಿ ಅಧಿಕ ಶ್ರಾವಣ ಬಂದು ನಿಜ ಶ್ರಾವಣ ಆಗಸ್ಟ್ ನಡುವಿಗೆ ಹೋಯಿತು. ಎಲ್ಲರಿಗೂ ಬೇಸರವಾದ ಆ ಒಂದು ತಿಂಗಳಲ್ಲಿ ನಾನು ಐನೂರರ ಎರಡನೆಯ ಮುದ್ರಣವನ್ನು ಮಾಡಿಸಿಕೊಂಡೆ. ಆ ನಿಜ ಶ್ರಾವಣದಲ್ಲಿ ಹತ್ತೊಂಬತ್ತು ಮನೆಗಳಲ್ಲಿ ಓದಿದೆ, 260ಕ್ಕೆ ಹೆಸರು ಬಂದವು, ಹಣ ಮುಂಗಡವಾಗಿ ಬಂದದ್ದರಿಂದ ಮುದ್ರಕರ ಬಾಕಿ ಆ ತಿಂಗಳೇ ತೀರಿತು. ಮೊದಲು ಯಾರ ಮನೆಗೆ ಹೋಗಬೇಕು ಎಂಬುದನ್ನು ಆರಿಸುವುದರಲ್ಲೇ ಉಳಿದದ್ದೆಲ್ಲ ಇದೆ, ಆ ಗುಟ್ಟನ್ನು ಇಲ್ಲಿ ಬರೆಯಲಾರೆ.

ಎರಡನೆಯ ದಾರಿ ಪುಣ್ಯಸ್ಮರಣೆಗಳದು. ತೀರಿಕೊಂಡ ತಾಯಿಯ ನೆನಪಿಗೆ ಸ್ಟೀಲಿನ ಡಬ್ಬಿ ಹಂಚುವ ಬದಲು ಪುಸ್ತಕ ಕೊಡಬಹುದೇ ಎಂದು ರಾಣೆಬೆನ್ನೂರಿನ ಒಬ್ಬರು ಕೇಳಿದರು. ಐವತ್ತಕ್ಕಿಂತ ಹೆಚ್ಚು ಕೊಂಡರೆ 120 ರೂಪಾಯಿಗೆ ಕೊಡುತ್ತೇನೆ, ಮೊದಲ ಪುಟದ ಎದುರಿಗೆ ಆ ತಾಯಿಯ ಬಗ್ಗೆ ಒಂದು ಹಾಳೆಯನ್ನು ನಾನೇ ಬರೆದು ಸೇರಿಸುತ್ತೇನೆ. ಅದಕ್ಕಾಗಿ ಆ ಮನೆಗೆ ಹೋಗಿ, ಮಕ್ಕಳನ್ನು ಕೂರಿಸಿ, ಅವರ ತಾಯಿ ಯಾವ ಪಾತ್ರೆಯಲ್ಲಿ ಅನ್ನ ಮಾಡುತ್ತಿದ್ದರು, ದೇವರ ಮುಂದೆ ಏನು ಗುನುಗುತ್ತಿದ್ದರು ಎಂದು ಕೇಳಿಕೊಂಡು ಬರುತ್ತೇನೆ. ಇದುವರೆಗೆ ಹನ್ನೊಂದು ಮನೆಗಳಿಗೆ ಬರೆದಿದ್ದೇನೆ, ಆ ಹನ್ನೊಂದು ಹಾಳೆಗಳನ್ನು ನನ್ನ ಅತ್ಯುತ್ತಮ ಬರಹಗಳ ಸಾಲಿನಲ್ಲೇ ಇಡುತ್ತೇನೆ.

ಲೇಖಕಿ ಚೀಲ ಹೊತ್ತು ಮನೆಮನೆಗೆ ಹೋಗುವುದು ಗೌರವವಲ್ಲ ಎಂದವರಿಗೆ ನನ್ನ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ನಂಜನಗೂಡಿನ ತಿರುಮಲಾಂಬ, ಹದಿಹರೆಯದಲ್ಲೇ ವಿಧವೆಯಾದ ಹೆಣ್ಣುಮಗಳು, 1913ರಲ್ಲಿ ತಮ್ಮದೇ ಗ್ರಂಥಮಾಲೆ ಆರಂಭಿಸಿದರು. ವಿಜಯಪುರದ ಫ.ಗು. ಹಳಕಟ್ಟಿಯವರು ವಚನಗಳನ್ನು ಅಚ್ಚು ಮಾಡಲು ಮನೆಯನ್ನೇ ಮಾರಿ ಮುದ್ರಣಾಲಯ ಹಾಕಿದರು. ನಾನು ಕಳೆದುಕೊಂಡದ್ದು ಒಂದಿಷ್ಟು ಕಾಗದ. ಒಂದು ದಿನ ಬಸ್ಸಿನಲ್ಲಿ ಗಳಗನಾಥ ಎಂಬ ಊರಿಗೇ ಹೋಗಿ, ವರದಾ ತುಂಗಭದ್ರೆಯರು ಕೂಡುವಲ್ಲಿ ಪುಸ್ತಕದ ಒಂದು ಪ್ರತಿಯನ್ನು ಗಳಗೇಶ್ವರನ ಮುಂದೆ ಇಟ್ಟು ಬಂದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನನ್ನ ಬಸ್ ಖರ್ಚೇ ನಿಂತುಹೋಯಿತು. ಅದಕ್ಕೂ ಮೊದಲು ತಿಂಗಳಿಗೆ 800 ರೂಪಾಯಿಯಷ್ಟು ಅದಕ್ಕೇ ಹೋಗುತ್ತಿತ್ತು, ಸಣ್ಣ ಮಾರಾಟಗಾರ್ತಿಗೆ ಅದು ಹತ್ತು ಪ್ರತಿಗಳ ಉಳಿತಾಯ. ಮೂವತ್ತು ಪ್ರತಿಯ ಚೀಲ ಆರು ಕಿಲೋದ ಒಳಗೇ ಇರುತ್ತದೆ, ತೊಡೆಯ ಮೇಲೆ ಇಟ್ಟುಕೊಂಡೇ ಹುಬ್ಬಳ್ಳಿಯವರೆಗೆ ಹೋಗುತ್ತೇನೆ. ದೂರದವರಿಗೆ ಅಂಚೆ. 2025ರ ಮೇ ತಿಂಗಳಿಂದ ಪುಸ್ತಕಗಳಿಗೆಂದೇ ಜ್ಞಾನ ಪೋಸ್ಟ್ ಬಂದಿದೆ. 300 ಗ್ರಾಮಿನವರೆಗೆ 20 ರೂಪಾಯಿ, 5 ಕಿಲೋಗೆ 100, ತೆರಿಗೆ ಬೇರೆ. ನನ್ನ 160 ಪುಟದ ಪುಸ್ತಕ 190 ಗ್ರಾಂ ತೂಗುವುದರಿಂದ ನೂರು ರೂಪಾಯಿಯ ಕಟ್ಟಿನಲ್ಲಿ ಇಪ್ಪತ್ತನಾಲ್ಕು ಪ್ರತಿ ಹೋಗುತ್ತವೆ. ಪುಣ್ಯಸ್ಮರಣೆಯ ಕಟ್ಟುಗಳನ್ನೆಲ್ಲ ಈಗ ಹೀಗೆಯೇ ಕಳಿಸುತ್ತೇನೆ.

ಒಟ್ಟು ಲೆಕ್ಕ ಹೀಗಿದೆ. ದಾಸೋಹಕ್ಕೆ ಕೊಟ್ಟವನ್ನು ಬಿಟ್ಟು ಎರಡು ಸಾವಿರದಷ್ಟು ಸಾಮಾನ್ಯ ಪ್ರತಿ, 280 ದೊಡ್ಡಕ್ಷರದ ಪ್ರತಿ ಮಾರಾಟವಾಗಿ, ಬಂದದ್ದು ಮೂರು ಲಕ್ಷದ ಮೇಲೆ ಹತ್ತು ಹದಿನೈದು ಸಾವಿರ. ಅಚ್ಚು, ಅಂಚೆ, ಮುಖಪುಟ ಎಲ್ಲ ಸೇರಿ ಹೋದದ್ದು ಎರಡು ಲಕ್ಷದ ಸ್ವಲ್ಪ ಮೇಲೆ. ಕಳೆದ ಯುಗಾದಿಯ ದಿನ 62,000 ರೂಪಾಯಿಯನ್ನು ಅರಿಶಿನ ಕುಂಕುಮ ಹಚ್ಚಿದ ಲಕೋಟೆಯಲ್ಲಿ ಹಾಕಿ ಮನೆಯವರ ಕೈಗೆ ಕೊಟ್ಟೆ. ಅವರು ಬೇಡವೆನ್ನಲಿಲ್ಲ. ಮನೆಯ ಖಾತೆ ಪುಸ್ತಕ ತೆಗೆದು 2014ರ ಪುಟ ಹುಡುಕಿ, ಪಾಟ್ಲಿಯ ಬಾಬತ್ತಿನ ಎದುರಿಗೆ ಜಮಾ ಎಂದು ಬರೆದು, ತಾರೀಖು ಹಾಕಿ, ನನ್ನ ಹೆಸರು ಬರೆದರು. ಹನ್ನೊಂದು ವರ್ಷ ಆ ಪುಟವನ್ನು ಅವರು ಮಡಿಸಿ ಇಟ್ಟಿದ್ದರು ಎಂಬುದು ನನಗೆ ಅಂದೇ ತಿಳಿದದ್ದು.

ಮುಂದಿನ ಹಸ್ತಪ್ರತಿ ಸಿದ್ಧವಾಗಿದೆ, ಸೋಮವಾರಗಳ ಪರೀಕ್ಷೆಯೂ ಮುಗಿದಿದೆ. ಮಗನ ಮದುವೆಯಾದದ್ದರಿಂದ ಈ ಬಾರಿ ಸೊಸೆಗೂ ಮೂರು ಕಾಟುಗಳಿವೆ. ಅವಳದು ಬೇರೆ ಧರ್ಮದ ಮನೆ, ನಮ್ಮ ಮನೆಗೆ ಬಂದ ಮೊದಲ ದಿನ ದೇವರ ಕೋಣೆಯ ಹೊಸ್ತಿಲಲ್ಲಿ ಅವಳು ನಿಂತದ್ದರಿಂದಲೇ ಪುಸ್ತಕ ಆರಂಭವಾಗುತ್ತದೆ. ಹಸ್ತಪ್ರತಿಯನ್ನೂ ಒಂದು ಪೆನ್ಸಿಲನ್ನೂ ಪುಣೆಗೆ ಕಳಿಸಿ ಎರಡು ತಿಂಗಳಾಯಿತು, ಇನ್ನೂ ಮರಳಿ ಬಂದಿಲ್ಲ. ಬರುವವರೆಗೆ ನಾನು ಗದಗಿಗೆ ಹೋಗುವುದಿಲ್ಲ.